ಓದುಗರ ಪ್ರಶ್ನೆ, ನಮ್ಮ ಉತ್ತರ: ಸೆಂಟ್ಸಿಗಿಳಿದ ಅಂಗಳ

ಮನೆ ಜಾಗ, ಅಂಗಳ, ಹಿತ್ತಿಲುಗಳ ಬಗೆಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆರಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಅಜ್ಜನ ಕಾಲದ ಪಾಲುಪಟ್ಟಿಯಲ್ಲಿ ನಮ್ಮ ಜಾಗವನ್ನು ಮುಡಿಯ ಲೆಕ್ಕದಲ್ಲಿ ಹೇಳಿದೆ. ತಂದೆಯವರ ಆಧಾರದಲ್ಲಿ (ಜಾಗದ ನೋಂದಣಿ ಪತ್ರದಲ್ಲಿ) ಎಕ್ರೆ, ಸೆಂಟ್ಸ್ ಇವೆ. ನನ್ನ ಹೆಸರಿಗೆ ಆದ ಆಧಾರದಲ್ಲಿ ‘ಆರ್’ ಎಂದಿದೆ. ಕೊಳ್ಳಲು ಬಂದವರು ಮಾತ್ರ ಸೆಂಟ್ಸನ್ನೇ ಕೇಳುತ್ತಾರೆ. ಒಂದು ಮುಡಿಗೆ ಎಷ್ಟು ಸೆಂಟ್ಸ್? (ಬದಿಯಡ್ಕದ ಓದುಗರು)

ಉತ್ತರ: ಮುಡಿಗೆ ಇಷ್ಟೇ ಸೆಂಟ್ಸ್ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಮುಡಿ ನೆಲದ ಅಳತೆಯೇ ಅಲ್ಲ. ಅದು ಬೈಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿದ ಅಕ್ಕಿಯ ಅಳತೆ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಒಂದು ಗದ್ದೆಯನ್ನು ಐದು ಮುಡಿಯದೆಂದು ಹೇಳಿದರೆ ಅದಕ್ಕೆ ಬೀಳುವ ಬೀಜವನ್ನೋ ಅದರಿಂದ ಸಲ್ಲಬೇಕಾದ ಗೇಣಿಯನ್ನೋ ಹೇಳಿದಂತಾಗುತ್ತಿತ್ತೇ ಹೊರತು ಅದರ ಉದ್ದಗಲವನ್ನಲ್ಲ. ಗೇಣಿಯ ಲೆಕ್ಕವಾದರೆ, ನೀರು ನಿಲ್ಲುವ ಬೈಲುಗದ್ದೆಯಲ್ಲಿ ಸಣ್ಣ ತುಂಡಿನಿಂದಲೇ ಹುಟ್ಟುತ್ತಿದ್ದ ಐದು ಮುಡಿಗೆ ನಡುಮಟ್ಟದ ಮಜಲುಗದ್ದೆಯಲ್ಲಿ ಹೆಚ್ಚು ನೆಲ ಬೇಕಾಗುತ್ತಿತ್ತು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಇನ್ನೂ ಹೆಚ್ಚು ಬೇಕಾಗುತ್ತಿತ್ತು. ಮನೆ ನಿಂತ ನೆಲಕ್ಕೆ ಬೀಜವೂ ಇಲ್ಲ, ಗೇಣಿಯೂ ಇಲ್ಲ. ಆದ್ದರಿಂದ ಆ ಲೆಕ್ಕದಲ್ಲಿ ಅದಕ್ಕೆ ಅಂಕಿಯೇ ಇರಲಿಲ್ಲ. ಮನೆ, ಹಟ್ಟಿ, ಬಾವಿಗಳು ಗದ್ದೆಯ ಬೆನ್ನಿಗೆ ಬರುತ್ತಿದ್ದವು, ಅಷ್ಟೇ.

ಎಕ್ರೆಯೂ ಸೆಂಟ್ಸೂ ಮದ್ರಾಸ್ ಸರಕಾರದ ಸರ್ವೆಯಿಂದ ಬಂದವು. ಎಕ್ರೆಯ ನೂರರಲ್ಲೊಂದು ಪಾಲು ಒಂದು ಸೆಂಟ್, ಅಂದರೆ 435.6 ಚದರ ಅಡಿ ಅಥವಾ 40.47 ಚದರ ಮೀಟರ್. ಮೆಟ್ರಿಕ್ ಪದ್ಧತಿಯ ಆರ್ ಎಂದರೆ 100 ಚದರ ಮೀಟರ್, ಅಂದರೆ 2.47 ಸೆಂಟ್ಸ್. ನಿಮ್ಮ ಆಧಾರದಲ್ಲಿ 8.09 ಆರ್ ಎಂದಿದ್ದರೆ ಅದು 20 ಸೆಂಟ್ಸ್ ಜಾಗ. ಮುಡಿಯಿಂದ ಸೆಂಟ್ಸಿಗೆ ನೇರವಾಗಿ ಬರಲು ಯತ್ನಿಸಬೇಡಿ. ಸರ್ವೆ ನಂಬ್ರವನ್ನೂ ಉಪವಿಭಾಗವನ್ನೂ ಹಿಡಿದುಕೊಂಡು ವಿಲ್ಲೇಜ್ ಆಫೀಸಿನ ದಾಖಲೆಯೊಡನೆ ತಾಳೆ ನೋಡಿ. ತೀರ್ವೆ (ಭೂಕಂದಾಯ) ಕಟ್ಟಿದ ರಶೀದಿಯಲ್ಲಿರುವ ವಿಸ್ತೀರ್ಣವನ್ನು ಕೂಡ ಅದರ ಜತೆಯಲ್ಲಿ ಇರಿಸಿಕೊಳ್ಳಿ.

ಪ್ರಶ್ನೆ: ಹಳೆಯ ಮನೆಗಳಲ್ಲಿ ಮನೆಗಿಂತ ಅಂಗಳವೇ ದೊಡ್ಡದು. ಅಷ್ಟು ಜಾಗವನ್ನು ಏಕೆ ಖಾಲಿ ಬಿಡುತ್ತಿದ್ದರು? (ಮುಳ್ಳೇರಿಯದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಖಾಲಿ ಎಂಬ ಮಾತು ಇಂದಿನ ಕಣ್ಣಿನದು. ಅಂಗಳ ಖಾಲಿಯಾಗಿರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ, ಆಗ ಅದು ಪಾಚಿಗಟ್ಟಿ ಜಾರುತ್ತಿದ್ದುದರಿಂದ ಅಡಿಕೆ ಮರದ ಸೀಳುಗಳನ್ನು ಹಾಸಿ ಹಟ್ಟಿಗೂ ಬಚ್ಚಲಿಗೂ ದಾರಿ ಮಾಡಿಕೊಳ್ಳುತ್ತಿದ್ದರು, ಜಗಲಿಗೆ ಮಳೆಯ ಇರಿಚಲು ಹೊಡೆಯದಂತೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಳೆ ಹಿಂದೆಗೆದ ಮೇಲೆ ‘ಅಂಗಳ ಮಾಡುವ’ ಕೆಲಸ. ಅದನ್ನು ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಹುಲ್ಲನ್ನು ಬೇರುಸಹಿತ ಕೆತ್ತಬೇಕು. ಮಳೆನೀರು ಕೊರೆದ ಕಡೆಗೆ ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಮಣ್ಣು ಕೈಗೆ ಅಂಟದಷ್ಟು ಆರಿದಾಗ ಹಿಡಿಯುಳ್ಳ ಮರದ ಹಲಗೆಯಿಂದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಲಾಗಿ ಬಡಿಯುತ್ತ ಹೋಗಬೇಕು. ಬಡಿತ ತಪ್ಪಿದ ಕಡೆ ಮರುದಿನವೇ ಬಿರುಕು ಕಾಣುತ್ತದೆ. ಆಮೇಲೆ ಸಗಣಿ ನೀರು; ಸಾರಿಸುವವರು ಮನೆಯ ಮೆಟ್ಟಿಲಿನಿಂದ ಹಿಂದಕ್ಕೆ ಸರಿಯುತ್ತ ಹೊರಬಾಗಿಲ ಕಡೆಗೆ ಹೋಗುತ್ತಾರೆ, ಒಣಗುವವರೆಗೆ ಮಕ್ಕಳೂ ನಾಯಿಯೂ ಅತ್ತ ಸುಳಿಯುವಂತಿಲ್ಲ. ನಮ್ಮ ಹಳೆಮನೆಯಲ್ಲಿ ಪ್ರತಿವರ್ಷವೂ ನಾಯಿಯ ಹೆಜ್ಜೆ ಒಂದು ಮೂಲೆಯಲ್ಲಿ ಅಚ್ಚೊತ್ತಿಯೇ ಇರುತ್ತಿತ್ತು.

ಹೀಗೆ ಸಿದ್ಧವಾದ ನೆಲದ ಮೇಲೆ ಬೇಸಗೆಯುದ್ದಕ್ಕೂ ಒಂದರ ಹಿಂದೆ ಒಂದು ಕೆಲಸ. ಕೊಯ್ಲಿನ ಸೂಡಿಗಳು ಬಂದು ಬೀಳುವುದು, ಹಡಿಮಂಚಕ್ಕೆ ಬಡಿದು ಭತ್ತ ಬಿಡಿಸುವುದು, ತೂರುವುದು, ಹುಲ್ಲಿನ ಮುಟ್ಟೆ ಒಟ್ಟುವುದು. ಅಷ್ಟರಲ್ಲಿ ಅಡಿಕೆ ಹಣ್ಣಾಗುತ್ತದೆ. ಹಣ್ಣಡಿಕೆ ಒಣಗಿ ಚಾಲಿಯಾಗಬೇಕಾದರೆ 40ರಿಂದ 45 ದಿನದ ಬಿಸಿಲು ಬೇಕು, ಮೊದಲ ಕೊಯ್ಲು ಒಣಗುವ ಮೊದಲೇ ಎರಡನೆಯದು ಅಂಗಳಕ್ಕೆ ಬರುತ್ತದೆ, ಎರಡನ್ನೂ ಬೆರೆಸುವಂತಿಲ್ಲ. ಅಡಿಕೆಯ ನಡುವೆ ಉಳಿದ ಮೂಲೆಗಳಲ್ಲಿ ಒಳ್ಳೆಮೆಣಸು, ಕೊಬ್ಬರಿ, ಹಪ್ಪಳ. ಮದುವೆಗೆ ಸೋಗೆಯ ಚಪ್ಪರ ಬೀಳುವುದೂ ದೈವದ ಕೋಲ ನಡೆಯುವುದೂ ಅದೇ ನೆಲದಲ್ಲಿ. ಒಂದು ಮನೆಯ ತೋಟ ಎಷ್ಟಿದೆಯೆಂಬುದನ್ನು ಅದರ ಅಂಗಳ ನೋಡಿ ಅಂದಾಜು ಮಾಡಬಹುದಾಗಿತ್ತು. ಅಂಗಳದ ಅಳತೆಯನ್ನು ಕೆಲಸ ತೀರ್ಮಾನಿಸುತ್ತಿತ್ತು, ಮನೆಯವರ ಇಷ್ಟವಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಹಳೆಯ ಮನೆಗಳು ಸಾಮಾನ್ಯವಾಗಿ ಗುಡ್ಡೆಯ ಕಾಲಿಗೆ, ಬೈಲಿನ ತಲೆಗೆ ಇರುತ್ತವೆ. ಮೇಲಿನಿಂದ ಇಳಿಯುತ್ತ ಬಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಧರೆಯಲ್ಲಿ ಅಡ್ಡಕ್ಕೆ ಕೊರೆದ ಸುರಂಗ ಅಥವಾ ಕೆರೆ, ಅದರ ಕೆಳಗೆ ಮನೆ ಮತ್ತು ಅಂಗಳ, ಅದರ ಕೆಳಗೆ ಹಟ್ಟಿ ಮತ್ತು ಗೊಬ್ಬರದ ಗುಂಡಿ, ಮತ್ತೆ ತೋಟ, ಕೊನೆಗೆ ಗದ್ದೆ. ಬಚ್ಚಲ ನೀರು ಬಸಳೆ ಚಪ್ಪರದ ಬುಡಕ್ಕೂ ಕೆಸುವಿನ ಬುಡಕ್ಕೂ ಹೋಗುತ್ತಿತ್ತು. ಶುದ್ಧವಾದದ್ದು ಮೇಲೆ, ಕೊಳೆಯಾದದ್ದು ಕೆಳಗೆ. ನೀರು ಒಮ್ಮೆಯೂ ಹಿಂದಕ್ಕೆ ಬರುತ್ತಿರಲಿಲ್ಲ. ವರ್ಗದಾರರ (ತೀರ್ವೆ ಕಟ್ಟುವ ಜಮೀನುದಾರರ) ಜಮೀನಿಗೆ ತಾಗಿದ, ಅವರ ಬಳಕೆಗೆ ಬಿಟ್ಟ ಸರಕಾರಿ ನೆಲವಾದ ಕುಮ್ಕಿಯಿಂದ ಸೊಪ್ಪು, ಕಟ್ಟಿಗೆ ಬರುತ್ತಿದ್ದವು, ಮನೆಯ ಮಾಡಿಗೆ (ಛಾವಣಿಗೆ) ಹೊದಿಸುವ ಮುಳಿಹುಲ್ಲನ್ನು ಗುಡ್ಡೆಯಿಂದ ತರುತ್ತಿದ್ದರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಂತಹಂತವಾಗಿ ಮುಳಿಯ ಮಾಡುಗಳು ಹೆಂಚಿಗೆ ತಿರುಗಿದವು. ಮನೆಗೂ ಗುಡ್ಡೆಗೂ ಇದ್ದ ಹುಲ್ಲಿನ ನಂಟು ಕಡಿದದ್ದು ಹಾಗೆ.

ಪ್ರಶ್ನೆ: ಎಕ್ರೆಗಟ್ಟಲೆ ಇದ್ದ ಹಿತ್ತಿಲುಗಳು 10 ಸೆಂಟ್ಸ್, 5 ಸೆಂಟ್ಸ್ ಆದದ್ದು ಯಾವಾಗ? ಎಲ್ಲವೂ ಗಲ್ಫ್ ಹಣದಿಂದ ಎಂದು ನಮ್ಮಲ್ಲಿ ಹೇಳುತ್ತಾರೆ. (ಉಪ್ಪಳದ ಓದುಗರು)

ಉತ್ತರ: ಗಲ್ಫಿನ ಹಣ ಬರುವುದಕ್ಕೆ ಮೊದಲೇ ಕಾನೂನು ಆ ಕೆಲಸವನ್ನು ಆರಂಭಿಸಿತ್ತು.

ಕಾಸರಗೋಡು ತಾಲೂಕು ದಕ್ಷಿಣ ಕನ್ನಡದ ಜತೆ ಮದ್ರಾಸ್ ರಾಜ್ಯದಲ್ಲಿದ್ದಾಗಲೇ, ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಮನೆತನಗಳ ಬಗೆಗಿನ 1949ರ ಅಳಿಯಸಂತಾನ ಕಾಯಿದೆಯು ಕವರುಗಳಿಗೆ (ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕನ್ನು ಸ್ಪಷ್ಟಪಡಿಸಿತು. ಅಲ್ಲಿಯವರೆಗೆ ಒಡೆಯದೆ ಉಳಿದಿದ್ದ ದೊಡ್ಡ ಮನೆಗಳ ಹಿತ್ತಿಲುಗಳಲ್ಲಿ ಗೆರೆ ಎಳೆಯಲು ದಾರಿಯಾಯಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1963ರ ಕೇರಳ ಭೂಸುಧಾರಣೆ ಕಾಯಿದೆಗೆ 1969ರಲ್ಲಿ ಆದ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದಾಗ ಗೇಣಿ ಪದ್ಧತಿ ಕೊನೆಗೊಂಡು, ಉಳುವವನಿಗೆ ಭೂಮಿಯ ಒಡೆತನ ದೊರೆಯಿತು. (ಗಡಿಯ ಆಚೆ ತಲಪಾಡಿಯಿಂದ ಮೇಲಕ್ಕೆ ಅದೇ ತುಳು ಮಾತಾಡುವ ಒಕ್ಕಲುಗಳು ಇದಕ್ಕಾಗಿ 1974ರವರೆಗೆ ಕಾಯಬೇಕಾಯಿತು.) ಮನೆ ಜಾಗದ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದದ್ದು ಅದೇ ಕಾಯಿದೆಯಲ್ಲಿದ್ದ ಕುಡಿಕಿಡಪ್ಪು ಹಕ್ಕು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು, ಬೇರೆ ನೆಲೆಯಿಲ್ಲದೆ ಇದ್ದವರಿಗೆ ಆ ಗುಡಿಸಲನ್ನೂ ಸುತ್ತಲಿನ ಸ್ವಲ್ಪ ನೆಲವನ್ನೂ ಮಾರುಕಟ್ಟೆ ಬೆಲೆಯ ಸಣ್ಣ ಪಾಲಿಗೆ ಕೊಂಡುಕೊಳ್ಳಲು ಅವಕಾಶವಾಯಿತು. ಎಷ್ಟು ನೆಲ? ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್, ದೊಡ್ಡ ನಗರಗಳಲ್ಲಿ 3 ಸೆಂಟ್ಸ್.

ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಜಾಗದ ದಲ್ಲಾಳಿಗಳ ಬಾಯಲ್ಲಿ ಇಂದಿಗೂ ಓಡಾಡುವುದು ಇವೇ. ಮನೆ ಕಟ್ಟಲು 10 ಸೆಂಟ್ಸ್ ‘ಒಳ್ಳೆಯ ಜಾಗ’, 5 ಸೆಂಟ್ಸ್ ‘ಸಾಕು’, 3 ಸೆಂಟ್ಸ್ ‘ಹೇಗೋ ಆಗುತ್ತದೆ’. ಇಲ್ಲದವನಿಗೆ ಕನಿಷ್ಠ ಇಷ್ಟಾದರೂ ಸಿಗಲಿ ಎಂದು ಕಾನೂನು ಗೊತ್ತುಮಾಡಿದ ಅಳತೆಯೇ, ಎರಡು ತಲೆಮಾರುಗಳಲ್ಲಿ, ಇದ್ದವನು ಹಣ ಕೊಟ್ಟು ಕೊಳ್ಳುವ ಅಳತೆಯೂ ಆಯಿತೆಂದು ನನ್ನ ಅಭಿಪ್ರಾಯ. ಈ ಕಾನೂನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಆ 10 ಸೆಂಟ್ಸಿನ ಮೊದಲು ಎಷ್ಟೋ ಮನೆಯವರು ಒಂದು ತೆಂಗಿನ ಸಸಿ ನೆಡಬೇಕಾದರೂ ಧಣಿಯ ಮುಖ ನೋಡಬೇಕಾಗಿತ್ತು. ದೊಡ್ಡ ಅಂಗಳವನ್ನು ಬಡಿದವರೂ ಸಾರಿಸಿದವರೂ ಹೆಚ್ಚಾಗಿ ಅವರೇ. ಹಳೆಯ ಅಂಗಳವನ್ನು ನೆನೆದು ಕಣ್ಣು ತುಂಬಿಕೊಳ್ಳುವ ಬರಹಗಳಲ್ಲಿ ಈ ಮಾತು ಬರುವುದು ಕಡಿಮೆ.

ಅನಂತರದ್ದು ಬೇಗ ಬೇಗ ನಡೆಯಿತು. 1972ರಲ್ಲಿ ಆರಂಭವಾದ ಲಕ್ಷಂವೀಡು (ಲಕ್ಷ ಮನೆ) ಯೋಜನೆಯಲ್ಲಿ ನಡುಗೋಡೆಯೊಂದನ್ನೇ ಹಂಚಿಕೊಂಡ ಜೋಡಿ ಮನೆಗಳ ಕಾಲನಿಗಳು ಬಂದವು. ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಮಾಡಿದ ಕೇರಳದ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಯಾಗಿ, ತಂದೆಯಿಂದ ಮಕ್ಕಳಿಗೆ ಆಸ್ತಿ ಇಳಿಯುವ ಮಕ್ಕತ್ತಾಯದ ಮನೆಗಳಲ್ಲಿಯೂ ಪಾಲು ಸುಲಭವಾಯಿತು. ಗಲ್ಫಿನ ಹಣ ಬಂದದ್ದು ಈ ಗೆರೆಗಳ ಒಳಗೆ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಗಿ, ಕಲೆಕ್ಟರೇಟ್ ವಿದ್ಯಾನಗರಕ್ಕೆ ಬಂದ ಮೇಲೆ ನೌಕರರೂ ಅಧ್ಯಾಪಕರೂ ಪೇಟೆಯ ಅಂಚಿನಲ್ಲಿ ಮನೆ ಜಾಗ ಹುಡುಕತೊಡಗಿದರು. ಗುಡ್ಡೆಗಳನ್ನು ಜೇಸಿಬಿಯಿಂದ ತಟ್ಟು ತಟ್ಟಾಗಿ ಕಡಿದು, ನಡುವೆ ರಸ್ತೆ ಬಿಟ್ಟು, ಪ್ಲಾಟ್ ಮಾಡಿ ಮಾರುವ ಕ್ರಮ ಬಂತು. ಬೈಲನ್ನು ತುಂಬಿಸಲು 2008ರ ಗದ್ದೆ ಮತ್ತು ಜೌಗುಪ್ರದೇಶ ಸಂರಕ್ಷಣಾ ಕಾಯಿದೆ ತಡೆ ಹಾಕಿತು. ಆದರೆ ಬೇರೆ ಜಾಗವಿಲ್ಲದ ಗದ್ದೆಯೊಡೆಯ ಸ್ವಂತ ಮನೆಗಾಗಿ ಕೇಳಬಹುದಾದಷ್ಟನ್ನು ಅದು ಬಿಟ್ಟಿದೆ: ಪಂಚಾಯತಿನಲ್ಲಿ 10 ಸೆಂಟ್ಸ್, ನಗರದಲ್ಲಿ 5. ಮತ್ತೆ ಅವೇ ಅಂಕಿಗಳು.

ಪ್ರಶ್ನೆ: ನಮ್ಮ ಚಿಕ್ಕಂದಿನಲ್ಲಿ ಪಾಗಾರವೂ (ಕಂಪೌಂಡು ಗೋಡೆಯೂ) ಗೇಟೂ ಇರಲಿಲ್ಲ. ಆಗ ಗಡಿ ಹೇಗೆ ತಿಳಿಯುತ್ತಿತ್ತು? (ಪೆರ್ಲದ ಓದುಗರು)

ಉತ್ತರ: ಅಗಳು ತೋಡಿ, ತೆಗೆದ ಮಣ್ಣನ್ನು ಬದಿಗೆ ಏರಿಸಿ ಮಾಡಿದ ದಿಬ್ಬವೇ ಗಡಿ. ಎರಡು ಹಿತ್ತಿಲುಗಳ ದಿಬ್ಬಗಳ ನಡುವೆ ಉಳಿದ ತಗ್ಗು ಓಣಿಯಾಗಿ ಊರಿನವರ ಕಾಲುದಾರಿಯೂ ಮಳೆಗಾಲದ ತೋಡೂ ಆಗುತ್ತಿತ್ತು. ಹೊಕ್ಕುಹೊರಡುವ ಕಡೆ ತಡಮೆ: ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟಲಾರದು. ಗೇಟು ತಡೆಯುವುದು ಮನುಷ್ಯರನ್ನು. ದನಗಳು ಹೋದ ಮೇಲೆ ತಡಮೆಗೆ ಕೆಲಸವಿಲ್ಲ, ಕಾರು ಬಂದ ಮೇಲೆ ಓಣಿಗೆ ಅಗಲ ಸಾಲದು. ಅನೇಕ ಕಡೆ ಓಣಿಗಳನ್ನೇ ತುಂಬಿ ಕಾಂಕ್ರೀಟು ರಸ್ತೆ ಮಾಡಿದ್ದಾರೆ. ಆದ್ದರಿಂದ ಆಷಾಢದಲ್ಲಿ ಹಿಂದೆ ಓಣಿಯಲ್ಲಿ ಹರಿಯುತ್ತಿದ್ದ ನೀರು ಈಗ ಯಾರದಾದರೊಬ್ಬರ ಗೇಟಿನ ಅಡಿಯಿಂದ ಅಂಗಳಕ್ಕೆ ಬರುತ್ತದೆ.

ಪ್ರಶ್ನೆ: ವಿದ್ಯಾನಗರದ ಬಳಿ 5 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುತ್ತಿದ್ದೇವೆ. ಬಾವಿ ಈಶಾನ್ಯದಲ್ಲಿ, ಸೆಪ್ಟಿಕ್ ಟ್ಯಾಂಕ್ ವಾಯವ್ಯದಲ್ಲಿ ಎಂದು ಹೇಳಿದ್ದಾರೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸಿ ಹಾಸುವ ಸಿಮೆಂಟ್ ಕಲ್ಲು) ಹಾಕಿದರೆ ಕೆಸರಿನ ಕಾಟವಿಲ್ಲ ಎನ್ನುತ್ತಾರೆ. ನಿಮ್ಮ ಸಲಹೆಯೇನು? (ಒಬ್ಬ ಅಧ್ಯಾಪಕಿ)

ಉತ್ತರ: ನಿಮ್ಮ ಜಾಗವನ್ನು ಕಾಗದದ ಮೇಲೆ ಬರೆದು ನೋಡೋಣ. 5 ಸೆಂಟ್ಸ್ ಎಂದರೆ 202 ಚದರ ಮೀಟರ್, ಸುಮಾರಾಗಿ 12 ಮೀಟರ್ ಅಗಲ, 17 ಮೀಟರ್ ಉದ್ದ. ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನ ಒಳಗೆ ಸೆಪ್ಟಿಕ್ ಟ್ಯಾಂಕಾಗಲಿ ಇಂಗುಗುಂಡಿಯಾಗಲಿ ಇರಬಾರದು, ಗುಂಡಿಯು ಜಾಗದ ಗಡಿಯಿಂದ 1.2 ಮೀಟರಾದರೂ ಒಳಗಿರಬೇಕು. ನಿಮ್ಮ ಗೆರೆಯೊಳಗೆ ಮಾತ್ರ ನೋಡಿದರೆ ಇದು ಕಷ್ಟವಲ್ಲ; ಈಶಾನ್ಯಕ್ಕೂ ವಾಯವ್ಯಕ್ಕೂ ನಡುವೆ ಬೇಕಾದಷ್ಟು ದೂರ ಸಿಗುತ್ತದೆ. ತೊಡಕಿರುವುದು ಗೆರೆಯ ಆಚೆ. ನಿಮ್ಮ ವಾಯವ್ಯ ಮೂಲೆ ಎಂದರೆ ಪಶ್ಚಿಮದ ಮನೆಯವರ ಈಶಾನ್ಯ ಮೂಲೆ. ಅವರೂ ವಾಸ್ತುಶಾಸ್ತ್ರ ಕೇಳಿಯೇ ಕಟ್ಟಿದ್ದರೆ ಅವರ ಬಾವಿ ಅಲ್ಲಿಯೇ ಇರುತ್ತದೆ. ನಿಮ್ಮ ಪೂರ್ವದ ಮನೆಯವರ ಸೆಪ್ಟಿಕ್ ಟ್ಯಾಂಕ್ ಅದೇ ಲೆಕ್ಕದಲ್ಲಿ ನಿಮ್ಮ ಬಾವಿಯ ಪಕ್ಕಕ್ಕೆ ಬರುತ್ತದೆ. ಅವರ ಬಾವಿ ಗಡಿಯಿಂದ 1.5 ಮೀಟರ್, ನಿಮ್ಮ ಗುಂಡಿ ಗಡಿಯಿಂದ 1.2 ಮೀಟರ್ ಎಂದಿಟ್ಟುಕೊಂಡರೆ ಎರಡರ ನಡುವೆ 2.7 ಮೀಟರ್ ಮಾತ್ರ ಉಳಿಯುತ್ತದೆ. ಸಾಲಾಗಿ ಪ್ಲಾಟ್ ಮಾಡಿದ ಜಾಗದಲ್ಲಿ ಎಲ್ಲರೂ ಒಂದೇ ಶಾಸ್ತ್ರವನ್ನು ಪಾಲಿಸಿದರೆ ಆಗುವುದು ಇದು. ವಿಶಾಲವಾದ ಹಿತ್ತಿಲಿನ ನಡುವೆ ಒಂಟಿಯಾಗಿ ನಿಲ್ಲುವ ಮನೆಗೆ ಹೇಳಿದ ಮಾತನ್ನು 12 ಮೀಟರಿನ ಜಾಗಕ್ಕೆ ತಂದಾಗ ನೆರೆಮನೆಯನ್ನೂ ಸೇರಿಸಿ ನಕ್ಷೆ ಬರೆಯಬೇಕಾಗುತ್ತದೆ. ಪಾಯ ತೆಗೆಯುವ ಮೊದಲು ಸುತ್ತಲಿನ ಮನೆಗಳ ಬಾವಿ, ಗುಂಡಿಗಳು ಎಲ್ಲಿವೆಯೆಂದು ಟೇಪು ಹಿಡಿದು ಅಳೆಯಿರಿ. ನಮ್ಮ ಮುರಕಲ್ಲು ತೂತುತೂತಾದ ಕಲ್ಲು. ನೀರನ್ನು ಬೇಗ ಇಳಿಸುತ್ತದೆ, ಕೊಳೆಯನ್ನೂ ಇಳಿಸುತ್ತದೆ.

ಇಂಟರ್‌ಲಾಕಿನ ವಿಷಯ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ನಿಮ್ಮ 5 ಸೆಂಟ್ಸಿನ ಮೇಲೆ ಬೀಳುವ ನೀರು ಒಟ್ಟು 7 ಲಕ್ಷ ಲೀಟರು. ಮಾಡು ಒಂದೇ 1,000 ಚದರ ಅಡಿಯದಾದರೆ ಅದರ ಮೇಲೆ ಬೀಳುವುದು 3 ಲಕ್ಷ ಲೀಟರಿಗಿಂತ ಹೆಚ್ಚು. ಬಡಿದು ಸಾರಿಸಿದ ಹಳೆಯ ಅಂಗಳ ಕೂಡ ನೀರನ್ನು ಅಷ್ಟಾಗಿ ಇಂಗಿಸುತ್ತಿರಲಿಲ್ಲ ಎಂಬುದು ನಿಜ. ಆದರೆ ಅದು ಹರಿಯಗೊಟ್ಟ ನೀರು ಸ್ವಂತ ತೋಟಕ್ಕೇ ಹೋಗುತ್ತಿತ್ತು, ಅಲ್ಲಿ ಇಂಗುತ್ತಿತ್ತು. ನಿಮ್ಮ ಅಂಗಳದ ಕೆಳಗೆ ತೋಟವಿಲ್ಲ, ರಸ್ತೆಯಿದೆ. ಮುರಕಲ್ಲಿನ ಬಾವಿ ಆಷಾಢದಲ್ಲಿ ಕೈಗೆಟಕುವಷ್ಟು ತುಂಬಿ ಎಪ್ರಿಲಿನಲ್ಲಿ ತಳ ಕಾಣಿಸುತ್ತದೆಂಬುದು ನಿಮಗೂ ಗೊತ್ತು. ಕಾರಿನ ಎರಡು ಗಾಲಿಗಳು ಓಡುವಷ್ಟಕ್ಕೆ ಮಾತ್ರ ಇಂಟರ್‌ಲಾಕ್ ಹಾಕಿ, ಉಳಿದದ್ದನ್ನು ಜಲ್ಲಿಗೋ ಹುಲ್ಲಿಗೋ ಬಿಡಿ. ಮಾಡಿನ ನೀರನ್ನು ಮೊದಲ ಕೆಲವು ಮಳೆ ಹೊರಗೆ ಬಿಟ್ಟು, ಅನಂತರ ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಿ ಬಾವಿಗೆ ಇಳಿಸಿ. ಕೆಸರಿನ ಕಾಟಕ್ಕೆ ಹೆದರುವವರು ಮೆಟ್ಟಿಲ ಬಳಿ ನಾಲ್ಕು ಮುರಕಲ್ಲು ಹಾಸಿದರೆ ಸಾಕು.

ಪ್ರಶ್ನೆ: ಹೊಸಮನೆಗೆಂದು ತವರಿನಿಂದ ಎರಡು ತೆಂಗಿನ ಸಸಿ ತಂದಿದ್ದೇನೆ. ನಮ್ಮದು 6 ಸೆಂಟ್ಸ್. ಹಿಂದಿನ ಮನೆಯ ಮುಂಭಾಗವು ಹೆದ್ದಾರಿ ಅಗಲಗೊಳಿಸುವಾಗ ಹೋಯಿತು. ಈ ಬಾರಿಯಾದರೂ ಅಂಗಳದಲ್ಲಿ ತೆಂಗು ಇರಬೇಕೆಂಬ ಆಸೆ. (ಕುಂಬಳೆಯ ಗೃಹಿಣಿ)

ಉತ್ತರ: ತಲಪಾಡಿಯಿಂದ ಕೆಳಗೆ ಹೆದ್ದಾರಿ 66ನ್ನು 45 ಮೀಟರಿಗೆ ಅಗಲಗೊಳಿಸಿದಾಗ ಅಂಗಳವನ್ನೂ ತುಳಸಿಕಟ್ಟೆಯನ್ನೂ ಕಳೆದುಕೊಂಡವರು ಇನ್ನೂ ಕೆಲವರು ಬರೆದಿದ್ದಾರೆ. ನಿಮ್ಮ ಆಸೆ ನಮಗೆ ಅರ್ಥವಾಗುತ್ತದೆ.

ತೆಂಗಿನ ಲೆಕ್ಕ ಹೀಗಿದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಮರದಿಂದ ಮರಕ್ಕೆ 7.5 ಮೀಟರ್ ಅಂತರವನ್ನು ಹೇಳುತ್ತದೆ. ಆ ಪ್ರಕಾರ ಒಂದು ಮರಕ್ಕೆ 56 ಚದರ ಮೀಟರ್ ನೆಲ ಬೇಕು. ನಿಮ್ಮ 6 ಸೆಂಟ್ಸ್ ಎಂದರೆ 243 ಚದರ ಮೀಟರ್. ಮನೆಯೇ ಇಲ್ಲದಿದ್ದರೂ ನಾಲ್ಕು ಮರ. ಮನೆ, ಬಾವಿ, ಕಾರಿನ ಜಾಗ ಕಳೆದರೆ ಒಂದು. ಎತ್ತರದ ಜಾತಿಯ ಮರವಾದರೆ ಮಡಲೂ ಕಾಯಿಯೂ ನೆರೆಯವರ ಶೀಟಿನ ಮೇಲೆ ಬಿದ್ದು ಮಾತು ಬೆಳೆಯುವುದನ್ನು ನಾವು ನೋಡಿದ್ದೇವೆ. ಬೊಂಡಕ್ಕಾಗಿಯೇ (ಎಳನೀರಿಗಾಗಿಯೇ) ಆದರೆ ಅದೇ ಸಂಸ್ಥೆ ಶಿಫಾರಸು ಮಾಡುವ ಚೌಘಾಟ್ ಆರೆಂಜ್ ಡ್ವಾರ್ಫ್ ಗಿಡ್ಡ ತಳಿಯನ್ನು ಯೋಚಿಸಬಹುದಿತ್ತು. ಆದರೆ ತವರಿನಿಂದ ತಂದ ಸಸಿಯನ್ನು ಬಿಟ್ಟು ಅದನ್ನು ನೆಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ಎರಡರಲ್ಲಿ ಗಟ್ಟಿಯಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಜಾಗವಿರುವವರಿಗೆ ಕೊಡಿ. ಗೋಡೆಯಿಂದಲೂ ಗಡಿಯಿಂದಲೂ ಆದಷ್ಟು ದೂರದ ಮೂಲೆಯನ್ನು ಆರಿಸಿ. ನಿಮ್ಮದು ಮುರಕಲ್ಲಿನ ನೆಲವಾಗಿದ್ದರೆ 1.2 ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೋಡಿ, ತಳಕ್ಕೆ 2 ಕಿಲೋ ಉಪ್ಪು ಹಾಕಿ ಬಿಡಿ, ಕಲ್ಲು ಮೆತ್ತಗಾಗುತ್ತದೆ. ಅನಂತರ ಮೇಲ್ಮಣ್ಣು ಮತ್ತು ಗೊಬ್ಬರದಿಂದ ಅರ್ಧದಷ್ಟು ತುಂಬಿ, ತುಳು ತಿಂಗಳಾದ ಕಾರ್ತೆಲಿನ ಮೊದಲ ಮಳೆ ಬಿದ್ದ ಮೇಲೆ ಸಸಿ ಇಳಿಸಿ. ಬಚ್ಚಲ ನೀರು ಹೊರಬೀಳುವ ಕಡೆ ಒಂದು ಬಸಳೆ ಬಳ್ಳಿಗೆ ಹೇಗೂ ಜಾಗವಿರುತ್ತದೆ.